ಹದಿನೈದು ದಿನ ತಡೆಯುವ ಎಗ್‌ಲೆಸ್ ಕೇಕು: ಬೇಯಿಸಿ, ಕಟ್ಟಿ, ಕಡಲಾಚೆ ಕಳಿಸುವ ಬಗೆ

ಮೊಸರು ಹಾಕಿ ಮಾಡಿದ ಮೆತ್ತನೆಯ ಸ್ಪಾಂಜ್ ಕೇಕು ರಾಯಚೂರಿನ ಏಪ್ರಿಲ್ ಬಿಸಿಲಿಗೆ ಮೂರೇ ದಿನಕ್ಕೆ ಹುಳಿ ವಾಸನೆ ಹೊಡೆಯುತ್ತದೆ. ಅದನ್ನೇ ಡಬ್ಬಿಗೆ ಹಾಕಿ ಅಮೆರಿಕಕ್ಕೆ ಕಳಿಸಿದರೆ, ಅಲ್ಲಿ ಮಗಳ ಕೈಗೆ ಸಿಗುವುದು ಹಸಿರು ಬೂಷ್ಟು. ಹೊರದೇಶದ ಪಾರ್ಸೆಲ್ ವಾರಕ್ಕೂ ತಲುಪಬಹುದು, ಕಸ್ಟಮ್ಸ್‌ನಲ್ಲಿ ನಿಂತರೆ ಎರಡು ವಾರವೂ ಹಿಡಿಯಬಹುದು. ಆದ್ದರಿಂದ ಕೇಕನ್ನು ಒಲೆಯಿಂದ ಇಳಿಸಿದ ದಿನದ ರುಚಿಗಲ್ಲ, ಹದಿನೈದನೇ ದಿನದ ರುಚಿಗೆ ಹದ ಮಾಡಬೇಕು.

ಆ ಹದದ ಗುಟ್ಟು ನೀರಿನಲ್ಲಿದೆ. ಬೂಷ್ಟು ಬೆಳೆಯಲು ಬಿಡುವಾಗಿರುವ ನೀರು ಬೇಕು. ಸಕ್ಕರೆ, ಬೆಲ್ಲ, ಒಣಹಣ್ಣು ಇವೆಲ್ಲ ನೀರನ್ನು ತಮ್ಮೊಳಗೆ ಹಿಡಿದಿಟ್ಟುಕೊಳ್ಳುತ್ತವೆ. ಹಾಗಾಗಿ ಒಣಹಣ್ಣು ತುಂಬಿದ ಗಟ್ಟಿ ಕೇಕು ತಿನ್ನಲು ಮೆತ್ತಗಿದ್ದರೂ ಬೇಗ ಕೆಡುವುದಿಲ್ಲ. ಬಾಳೆಹಣ್ಣು, ಗಜ್ಜರಿ, ಮೊಸರು, ಹಸಿ ಕೊಬ್ಬರಿ ಹಾಕಿದ ಕೇಕು ಮನೆಯಲ್ಲೇ ತಿನ್ನಲು ಇರಲಿ. ಕ್ರೀಮು, ಐಸಿಂಗು ಯೋಚನೆಯೇ ಬೇಡ.

ಒಣಹಣ್ಣಿಗೆ ನಮ್ಮ ಭಾಗದವರು ದೂರ ಹೋಗಬೇಕಿಲ್ಲ. ಬಳ್ಳಾರಿ ಸೀಮೆಯ ಅಂಜೂರ ಇದಕ್ಕೆ ಹೇಳಿ ಮಾಡಿಸಿದ ಹಣ್ಣು. ಒಣಗಿಸಿದ ಮೇಲೂ ಒಳಗೆ ಜಿಗುಟು ಉಳಿಯುತ್ತದೆ, ಆ ಜಿಗುಟೇ ಕೇಕಿಗೆ ಮೃದುತನ ಕೊಡುತ್ತದೆ. ಮೊಟ್ಟೆಯ ಜಾಗಕ್ಕೆ ನಮ್ಮ ಅಡುಗೆಮನೆಯ ಅಗಸಿ ಸಾಕು. ಅಗಸಿ ಪುಡಿಯನ್ನು ನೀರಲ್ಲಿ ನೆನೆಸಿದರೆ ಲೋಳೆ ಬಿಡುತ್ತದೆ, ಅದು ಹಿಟ್ಟನ್ನೂ ಹಣ್ಣನ್ನೂ ಅಂಟಿಸುತ್ತದೆ. ಉಬ್ಬಿಸುವ ಕೆಲಸ ಸೋಡಾ ಮತ್ತು ವಿನೆಗರ್‌ನದು.

ಬೇಕಾಗುವ ಸಾಮಾನು

ಸುಮಾರು ಒಂದು ಕೆಜಿ ಕೇಕಿಗೆ, ಅಂದರೆ ಅರ್ಧರ್ಧ ಕೆಜಿಯ ಎರಡು ತುಂಡಿಗೆ ಈ ಅಳತೆ. ಟೀ ಚಮಚ ಅಂದರೆ 5 ಮಿಲಿ, ದೊಡ್ಡ ಚಮಚ ಅಂದರೆ 15 ಮಿಲಿ.

ಮೈದಾ 200 ಗ್ರಾಂ
ಒಣ ಅಂಜೂರ 100 ಗ್ರಾಂ, ಬೀಜ ತೆಗೆದ ಖರ್ಜೂರ 100 ಗ್ರಾಂ, ಮಣೂಕ (ಒಣದ್ರಾಕ್ಷಿ) 100 ಗ್ರಾಂ, ಟೂಟಿ ಫ್ರೂಟಿ 50 ಗ್ರಾಂ
ಸಕ್ಕರೆ 80 ಗ್ರಾಂ, ಬೆಲ್ಲ 70 ಗ್ರಾಂ
ವಾಸನೆ ಇಲ್ಲದ ಸೂರ್ಯಕಾಂತಿ ಎಣ್ಣೆ 100 ಮಿಲಿ
ಕಿತ್ತಳೆ ರಸ 200 ಮಿಲಿ (ಇಲ್ಲದಿದ್ದರೆ ಹಾಲು ಹಾಕದ ಚಹಾ ಡಿಕಾಕ್ಷನ್)
ಹೊಸದಾಗಿ ಪುಡಿ ಮಾಡಿದ ಅಗಸಿ 2 ದೊಡ್ಡ ಚಮಚ, ನೆನೆಸಲು ನೀರು 60 ಮಿಲಿ
ಬೇಕಿಂಗ್ ಪೌಡರ್ 1 ಟೀ ಚಮಚ, ಅಡುಗೆ ಸೋಡಾ ಅರ್ಧ ಟೀ ಚಮಚ, ಬಿಳಿ ವಿನೆಗರ್ 1 ದೊಡ್ಡ ಚಮಚ, ಉಪ್ಪು ಕಾಲು ಟೀ ಚಮಚ
ದಾಲ್ಚಿನ್ನಿ, ಒಣಶುಂಠಿ ಪುಡಿ ಅರ್ಧರ್ಧ ಟೀ ಚಮಚ, ಏಲಕ್ಕಿ ನಾಲ್ಕು, ಲವಂಗ ಎರಡು
ಹುರಿದ ಗೋಡಂಬಿ ಚೂರು 60 ಗ್ರಾಂ

ಬೆಣ್ಣೆಯಾಗಲಿ ಹಾಲಿನ ಪುಡಿಯಾಗಲಿ ಈ ಪಟ್ಟಿಯಲ್ಲಿ ಇಲ್ಲ. ಹಾಲಿನ ಪದಾರ್ಥಗಳ ಬಗ್ಗೆ ಹಲವು ದೇಶಗಳ ಕಸ್ಟಮ್ಸ್ ಬಿಗಿ. ಹಾಲೇ ಇಲ್ಲದಿದ್ದರೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ. ಗಾಣದ ಶೇಂಗಾ ಎಣ್ಣೆ ರುಚಿಯಾದರೂ ಇಲ್ಲಿ ಬೇಡ. ಅದರ ವಾಸನೆ ಕೇಕನ್ನು ಮುಚ್ಚಿಬಿಡುತ್ತದೆ, ಶೇಂಗಾ ಅಲರ್ಜಿ ಇರುವವರು ಅಲ್ಲಿ ಜೊತೆಯಲ್ಲಿದ್ದರೆ ಅಪಾಯ. ಅಗಸಿಯನ್ನು ಅವತ್ತೇ ಪುಡಿ ಮಾಡಿ. ತಿಂಗಳ ಹಿಂದೆ ಪುಡಿ ಮಾಡಿಟ್ಟದ್ದು ಕಮಟು ಹಿಡಿದಿರುತ್ತದೆ, ಕೇಕೂ ಕಮಟು ಹೊಡೆಯುತ್ತದೆ.

ಹಿಟ್ಟು ಕಲಸುವುದು

ಬೆಲ್ಲವನ್ನು ಕಿತ್ತಳೆ ರಸದಲ್ಲಿ ಕರಗಿಸಿ ಸೋಸಿಕೊಳ್ಳಿ, ಕಲ್ಲು ಕಸ ಇದ್ದೇ ಇರುತ್ತದೆ. ದಪ್ಪ ತಳದ ಪಾತ್ರೆಗೆ ಈ ರಸ, ಸಕ್ಕರೆ, ಎಣ್ಣೆ, ಮಣೂಕದ ಗಾತ್ರಕ್ಕೆ ಹೆಚ್ಚಿದ ಹಣ್ಣು ಎಲ್ಲವನ್ನೂ ಹಾಕಿ ಕುದಿ ಬರಿಸಿ. ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ ಮುಚ್ಚಳ ಹಾಕದೆ ಐದಾರು ನಿಮಿಷ ಬೇಯಲಿ. ಹಣ್ಣು ಉಬ್ಬಿ, ರಸ ಮಂದವಾಗಬೇಕು. ಟೂಟಿ ಫ್ರೂಟಿಯನ್ನು ಮಾತ್ರ ಕುದಿಸಬೇಡಿ, ಬಣ್ಣ ಬಿಡುತ್ತದೆ.

ಈಗ ಇದು ಪೂರ್ತಿ ಆರಬೇಕು. ಹೆಚ್ಚು ಜನ ಎಡವುವುದು ಇಲ್ಲೇ. ಬೆಚ್ಚಗಿನ ಹಣ್ಣಿಗೆ ಹಿಟ್ಟು, ಸೋಡಾ ಬಿದ್ದರೆ ಸೋಡಾದ ಶಕ್ತಿಯೆಲ್ಲ ಬಟ್ಟಲಲ್ಲೇ ಮುಗಿದು, ಕೇಕು ಒಲೆಯಲ್ಲಿ ಏಳುವುದಿಲ್ಲ. ಬೇಸಿಗೆಯಲ್ಲಿ ಆರಲು ಒಂದೂವರೆ ಗಂಟೆ ಬೇಕು. ತಣ್ಣೀರು ತುಂಬಿದ ಅಗಲ ಪಾತ್ರೆಯಲ್ಲಿ ಇಟ್ಟರೆ ಬೇಗ ಆಗುತ್ತದೆ.

ಅಗಸಿ ಪುಡಿಯನ್ನು 60 ಮಿಲಿ ನೀರಲ್ಲಿ ಹತ್ತು ನಿಮಿಷ ನೆನೆಸಿ, ಆರಿದ ಹಣ್ಣಿಗೆ ಸೇರಿಸಿ. ಮೈದಾ, ಬೇಕಿಂಗ್ ಪೌಡರ್, ಸೋಡಾ, ಉಪ್ಪು, ಮಸಾಲೆ ಪುಡಿಗಳನ್ನು ಎರಡು ಸಲ ಜರಡಿ ಹಿಡಿದು ಹಾಕಿ. ಗೋಡಂಬಿ, ಟೂಟಿ ಫ್ರೂಟಿಯನ್ನು ಒಂದು ಚಮಚ ಮೈದಾದಲ್ಲಿ ಹೊರಳಿಸಿ ಸೇರಿಸಿ. ಒಣ ಹಿಟ್ಟಿನ ಬಿಳಿ ಗೆರೆ ಮಾಯವಾದ ಕೂಡಲೇ ಕೈ ನಿಲ್ಲಿಸಿ. ಹೆಚ್ಚು ತಿರುವಿದರೆ ಮೈದಾ ನಾರಿನಂತೆ ಎಳೆಯಾಗಿ ಕೇಕು ರಬ್ಬರಾಗುತ್ತದೆ. ಹದ ಗಟ್ಟಿ ಇಡ್ಲಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಇರಲಿ, ಚಮಚದಿಂದ ಧೊಪ್ಪನೆ ಬೀಳಬೇಕು. ತೀರಾ ಬಿಗಿಯಾದರೆ ಒಂದೆರಡು ಚಮಚ ನೀರು ಸಾಕು. ತೆಳ್ಳಗಾದರೆ ಹಣ್ಣು ತಳ ಸೇರುತ್ತದೆ. ಕೊನೆಗೆ ವಿನೆಗರ್ ಹಾಕಿ ನಾಲ್ಕು ಸುತ್ತು ತಿರುವಿ, ತಡ ಮಾಡದೆ ಟಿನ್ನಿಗೆ ಸುರಿಯಿರಿ.

ಬೇಯಿಸುವುದು

6×3 ಇಂಚಿನ ಎರಡು ಟಿನ್ನಿಗೆ ಬಟರ್ ಪೇಪರ್ ಹಾಸಿ, ಮೂರನೇ ಎರಡು ಭಾಗದಷ್ಟು ತುಂಬಿ. ಒಂದೇ ದೊಡ್ಡ ಟಿನ್ನಾದರೆ ಅಂಚು ಕಪ್ಪಾಗುವವರೆಗೂ ನಡುವೆ ಹಸಿಯೇ ಇರುತ್ತದೆ, ಆ ಹಸಿ ನಡುವಿನಲ್ಲೇ ಬೂಷ್ಟು ಶುರುವಾಗುವುದು. ಎರಡು ತುಂಡಿನಿಂದ ಇನ್ನೊಂದು ಲಾಭ: ಒಂದನ್ನು ಬಿಚ್ಚಿ ತಿನ್ನುವಾಗ ಇನ್ನೊಂದು ಮುಚ್ಚಿಯೇ ಇರುತ್ತದೆ.

ಓಟಿಜಿಯನ್ನು (ಕರೆಂಟಿನ ಸಣ್ಣ ಓವನ್) ಹತ್ತು ನಿಮಿಷ ಮೊದಲೇ 150 ಡಿಗ್ರಿಗೆ ಕಾಯಿಸಿ, ನಡುವಿನ ಜಾಲರಿಯಲ್ಲಿಟ್ಟು, ಮೇಲೆ ಕೆಳಗೆ ಎರಡೂ ರಾಡ್ ಹಾಕಿ 55 ರಿಂದ 60 ನಿಮಿಷ ಬೇಯಿಸಿ. ಮೊದಲ ಅರ್ಧ ಗಂಟೆ ಬಾಗಿಲು ತೆಗೆಯಬೇಡಿ. ಮೇಲ್ಭಾಗ ಬೇಗ ಕೆಂಪಾದರೆ ಫಾಯಿಲ್ ಹೊದಿಸಿ. ಕಡ್ಡಿ ಚುಚ್ಚಿ ನೋಡುವಾಗ ಎರಡು ಮೂರು ಕಡೆ ಚುಚ್ಚಿ, ಅಂಜೂರದ ಅಂಟನ್ನು ಹಸಿ ಹಿಟ್ಟೆಂದು ತಪ್ಪು ತಿಳಿಯುವುದುಂಟು. ಅಡುಗೆಯ ಥರ್ಮಾಮೀಟರ್ ಇದ್ದರೆ ನಡುಭಾಗ 96 ರಿಂದ 98 ಡಿಗ್ರಿ ತೋರಿಸಬೇಕು. ತಕ್ಕಡಿ ಇದ್ದರೆ ಇನ್ನೊಂದು ಲೆಕ್ಕ: ಟಿನ್ನಿಗೆ ಸುರಿದ ಹಿಟ್ಟಿನ ತೂಕದಲ್ಲಿ ಸುಮಾರು ಹತ್ತನೇ ಒಂದು ಭಾಗ ನೀರಾಗಿ ಹೋಗಿರಬೇಕು.

ಓಟಿಜಿ ಇಲ್ಲದವರು ದಪ್ಪ ಕಡಾಯಿಗೆ ಒಂದು ಇಂಚು ಉಪ್ಪು ಹಾಸಿ, ಸ್ಟ್ಯಾಂಡ್ ಇಟ್ಟು, ಹತ್ತು ನಿಮಿಷ ಕಾಯಿಸಿ, ಸಣ್ಣ ಉರಿಯಲ್ಲಿ 65 ರಿಂದ 75 ನಿಮಿಷ ಬೇಯಿಸಬಹುದು. ಕುಕ್ಕರ್ ಆದರೆ ಗ್ಯಾಸ್ಕೆಟ್, ವಿಸಲ್ ಎರಡೂ ತೆಗೆದಿರಬೇಕು. ಇದರಲ್ಲಿ ತೊಂದರೆ ಒಂದೇ. ಮುಚ್ಚಳದ ಬೆವರು ಕೇಕಿನ ಮೇಲೆ ತೊಟ್ಟಿಕ್ಕುತ್ತದೆ. ಮುಚ್ಚಳಕ್ಕೆ ಹತ್ತಿ ಬಟ್ಟೆ ಬಿಗಿದು, ಅದರ ತುದಿಗಳನ್ನು ಉರಿಗೆ ತಾಗದಂತೆ ಮೇಲಕ್ಕೆ ಕಟ್ಟಿ. ಕೊನೆಯ ಹತ್ತು ನಿಮಿಷ ಮುಚ್ಚಳವನ್ನು ಓರೆಯಾಗಿಸಿ ಆವಿ ಬಿಡಿ.

ಆರಿಸುವುದು

ಸಂಜೆ ಬೇಯಿಸುವುದು ಒಳ್ಳೆಯದು, ಇಡೀ ರಾತ್ರಿ ಆರಲು ಸಿಗುತ್ತದೆ. ಹದಿನೈದು ನಿಮಿಷಕ್ಕೆ ಟಿನ್ನಿನಿಂದ ತೆಗೆದು ಜಾಲರಿಯ ಮೇಲಿಟ್ಟು, ಒಣಬಟ್ಟೆ ಮುಚ್ಚಿ ಕನಿಷ್ಠ 12 ಗಂಟೆ ಬಿಡಿ. ಮುಟ್ಟಿದರೆ ತಣ್ಣಗಿದೆ ಅನ್ನಿಸಿದರೂ ಒಳಗೆ ಬಿಸಿ ಇರುತ್ತದೆ. ಬೆಚ್ಚಗಿನ ಕೇಕನ್ನು ಕಟ್ಟಿದರೆ ಅದರ ಆವಿ ಕಾಗದದೊಳಗೆ ನೀರಾಗಿ ಬೂಷ್ಟಿಗೆ ಹಾಸಿಗೆ ಹಾಸಿಕೊಡುತ್ತದೆ. ಹಾಳಾದ ಪಾರ್ಸೆಲ್‌ಗಳಲ್ಲಿ ಹೆಚ್ಚಿನವು ಹಾಳಾಗುವುದು ಈ ಅವಸರದಿಂದಲೇ.

ಆರಿದ ಮೇಲೆ ಬಟರ್ ಪೇಪರ್ ಸುತ್ತಿ ಒಣ ಸ್ಟೀಲ್ ಡಬ್ಬಿಯಲ್ಲಿ ಎರಡು ದಿನ ಇಡಿ. ಅಂಚಿನ ಒಣತನ, ನಡುವಿನ ತೇವ ಸಮವಾಗಿ ಹಂಚಿಕೊಂಡು ಕೇಕು ಪುಡಿಯಾಗದೆ ಕೊಯ್ಯಲು ಬರುತ್ತದೆ. ಎರಡನೇ ದಿನ ಬಿಚ್ಚಿ ನೋಡಿ. ಕಾಗದದ ಒಳಗೆ ಹನಿ ಕಂಡರೆ 120 ಡಿಗ್ರಿಯಲ್ಲಿ ಹದಿನೈದು ನಿಮಿಷ ಮತ್ತೆ ಒಲೆಗಿಟ್ಟು, ಮತ್ತೆ ರಾತ್ರಿಯಿಡೀ ಆರಿಸಿ.

ಮೊದಲ ಸಲ ಮಾಡುವವರು ಒಂದು ತುಂಡನ್ನು ಅಂಚೆಗೆ ಕಟ್ಟುವ ಹಾಗೆಯೇ ಕಟ್ಟಿ, ಮನೆಯ ಗೋಡೆಯ ಮಾಡಿನಲ್ಲಿ ಹದಿನೈದು ದಿನ ಇಟ್ಟು ಬಿಚ್ಚಿ ನೋಡಲಿ. ಅದು ಚೆನ್ನಾಗಿದ್ದರೆ ಮಾತ್ರ ಮುಂದಿನ ಸಲ ಕಳಿಸುವ ಕೇಕಿಗೆ ಕೈ ಹಾಕಿ.

ಕಟ್ಟುವುದು

ಮೊದಲು ಬಟರ್ ಪೇಪರ್ ಎರಡು ಸುತ್ತು, ಅದರ ಮೇಲೆ ಫಾಯಿಲ್ ಎರಡು ಸುತ್ತು. ಹಣ್ಣಿನ ಹುಳಿಗೆ ಫಾಯಿಲ್ ತೂತಾಗುವುದರಿಂದ ಅದನ್ನು ಕೇಕಿಗೆ ನೇರ ತಾಗಿಸಬಾರದು. ಆಮೇಲೆ ಗಾಳಿ ಒತ್ತಿ ತೆಗೆದ ಜಿಪ್ ಚೀಲ. ಎರಡೂ ತುಂಡು ಬಿಗಿಯಾಗಿ ಕೂರುವ ಗಟ್ಟಿ ಬಿಸ್ಕತ್ತಿನ ಡಬ್ಬಿ ಹುಡುಕಿ, ಸಂದಿಗೆ ಕಾಗದ ತುರುಕಿ. ಡಬ್ಬಿಯನ್ನು ಐದು ಪದರದ ಹೊಸ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಆರೂ ಬದಿಗೆ ಬಬಲ್ ಶೀಟು ತುಂಬಿ, ಅಲುಗಿಸಿ ನೋಡಿ. ಸದ್ದು ಬರಬಾರದು.

ಗಂಗಾವತಿ, ಸಿಂಧನೂರು ಕಡೆ ಭತ್ತದ ಹುಲ್ಲಿಗೆ ಬರವಿಲ್ಲ, ಹಣ್ಣಿನ ಬುಟ್ಟಿಗೆಲ್ಲ ಅದೇ ಮೆತ್ತೆ. ಈ ಪೆಟ್ಟಿಗೆಗೆ ಮಾತ್ರ ಹುಲ್ಲು, ಹೊಟ್ಟು, ಮಂಡಕ್ಕಿ ಬೇಡ. ಆಸ್ಟ್ರೇಲಿಯಾದಂಥ ದೇಶಗಳು ಹುಲ್ಲು ಕಂಡರೆ ಪಾರ್ಸೆಲನ್ನೇ ತಡೆಯುತ್ತವೆ. ಪ್ರೀತಿಗೆ ಜೊತೆಯಲ್ಲೊಂದು ಕಿನ್ನಾಳದ ಗೊಂಬೆ ಇಡೋಣ ಅನ್ನಿಸಿದರೆ ಬೇರೆ ಪಾರ್ಸೆಲ್ ಮಾಡಿ, ಮರದ ಸಾಮಾನಿಗೆ ಅಲ್ಲಿ ಬೇರೆ ತಪಾಸಣೆ. ಜಾಗ ಉಳಿಯಿತೆಂದು ಉಪ್ಪಿನಕಾಯಿ, ಬೆಳ್ಳುಳ್ಳಿ ಹಾಕಿದ ಶೇಂಗಾ ಚಟ್ನಿಪುಡಿ ತುರುಕಬೇಡಿ. ಎಷ್ಟು ಬಿಗಿದರೂ ಆ ವಾಸನೆ ಕೇಕಿಗೆ ಹತ್ತುತ್ತದೆ.

ಅಂಚೆ ಕಚೇರಿಯಲ್ಲಿ

ಬಳ್ಳಾರಿ, ರಾಯಚೂರು, ಕೊಪ್ಪಳದ ಪ್ರಧಾನ ಅಂಚೆ ಕಚೇರಿಗೆ ಹೋಗಿ ಅಂತರರಾಷ್ಟ್ರೀಯ ಸ್ಪೀಡ್ ಪೋಸ್ಟ್ ಕೇಳಿ. ಪೆಟ್ಟಿಗೆಗೆ ಪೂರ್ತಿ ಟೇಪ್ ಹಾಕದೆ ಒಯ್ಯಿರಿ, ಒಳಗೆ ಏನಿದೆ ತೋರಿಸಲು ಹೇಳಬಹುದು. ಟೇಪು, ಕತ್ತರಿ, ಆಧಾರ್ ಪ್ರತಿ ಜೊತೆಗಿರಲಿ. ಸೋಮವಾರ ಅಥವಾ ಮಂಗಳವಾರ ಹಾಕಿದರೆ ಮೊದಲ ಹಂತದಲ್ಲೇ ಭಾನುವಾರದ ರಜೆಗೆ ಸಿಕ್ಕಿ ಕೊಳೆಯುವುದಿಲ್ಲ.

ಕಸ್ಟಮ್ಸ್ ಫಾರ್ಮಿನಲ್ಲಿ ಬರೀ ‘ಫುಡ್’, ‘ಸ್ವೀಟ್ಸ್’ ಎಂದು ಬರೆದರೆ ಅನುಮಾನ ಬಂದು ಬಿಚ್ಚುತ್ತಾರೆ. ‘ಹೋಮ್‌ಮೇಡ್ ಡ್ರೈ ಫ್ರೂಟ್ ಕೇಕ್, ನೋ ಎಗ್, ನೋ ಮಿಲ್ಕ್, ನೋ ಮೀಟ್’ ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಬರೆದು, ಗಿಫ್ಟ್ ಎಂಬಲ್ಲಿ ಗುರುತು ಹಾಕಿ, ತೂಕ ಮತ್ತು ನಿಜವಾದ ಬೆಲೆ ನಮೂದಿಸಿ. ಪಡೆಯುವವರ ಪಿನ್ ಸಂಖ್ಯೆ, ಫೋನ್ ನಂಬರ್ ಬಿಡಬಾರದು. ಅದೇ ವಿಳಾಸದ ಇನ್ನೊಂದು ಪ್ರತಿಯನ್ನು ಪೆಟ್ಟಿಗೆಯೊಳಗೂ ಇಡಿ, ಹೊರಗಿನ ಚೀಟಿ ಹರಿದರೆ ಅದೇ ಗತಿ.

ಖಾಸಗಿ ಕೊರಿಯರ್ ಆದರೆ ತೂಕದ ಜೊತೆ ಗಾತ್ರದ ಲೆಕ್ಕವೂ ಇದೆ: ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000 ದಿಂದ ಭಾಗಿಸುತ್ತಾರೆ. 25×18×14 ರ ಪೆಟ್ಟಿಗೆ 1.26 ಕೆಜಿ. ಅದೇ 30×30×20 ಆದರೆ ಒಳಗೆ ಒಂದೇ ಕೆಜಿ ಕೇಕಿದ್ದರೂ 3.6 ಕೆಜಿಯ ಹಣ ಕೊಡಬೇಕು.

ದೇಶಕ್ಕೊಂದು ನಿಯಮ ಇದೆ, ಅದು ಬದಲಾಗುತ್ತಲೂ ಇರುತ್ತದೆ, ಕಳಿಸುವ ವಾರ ಒಮ್ಮೆ ವಿಚಾರಿಸಿ. ಅಮೆರಿಕಕ್ಕೆ ಮನೆಯಲ್ಲಿ ಮಾಡಿದವರೇ ಉಡುಗೊರೆಯಾಗಿ ಕಳಿಸುವ ತಿನಿಸಿಗೆ ಅಲ್ಲಿನ ಆಹಾರ ಮತ್ತು ಔಷಧ ಇಲಾಖೆಯಾದ ಎಫ್‌ಡಿಎಗೆ ಮುಂಗಡ ಸೂಚನೆ ಬೇಕಿಲ್ಲ. ಬೇಕರಿಯಿಂದ ಕೊಂಡು ಕಳಿಸಿದರೆ ಈ ವಿನಾಯಿತಿ ಇಲ್ಲ. ಬ್ರಿಟನ್‌ನಲ್ಲಿ ಹಾಲು, ಮಾಂಸಕ್ಕೆ ತಡೆ ಇದ್ದರೂ ತಾಜಾ ಕ್ರೀಮು ಇಲ್ಲದ ಕೇಕಿಗೆ ಅಡ್ಡಿಯಿಲ್ಲ. ಯುಎಇ ಮತ್ತು ಸಿಂಗಾಪುರದಲ್ಲಿ ಗಸಗಸೆ ನಿಷಿದ್ಧ. ನಮ್ಮಲ್ಲಿ ಪಾಯಸಕ್ಕೆ ಹಾಕುವ ಈ ಕಾಳು ಅಲ್ಲಿ ಮಾದಕ ವಸ್ತುವಿನ ಲೆಕ್ಕಕ್ಕೆ ಬರುತ್ತದೆ, ಅಲಂಕಾರಕ್ಕೂ ಒಂದು ಚಿಟಿಕೆ ಉದುರಿಸಬೇಡಿ. ಗಲ್ಫ್ ದೇಶಗಳಿಗೆ ರಮ್ಮಿನಲ್ಲಿ ನೆನೆಸಿದ ಹಣ್ಣೂ ಬೇಡ.

ಸ್ಪೀಡ್ ಪೋಸ್ಟ್ ರಸೀದಿಯ ಮೇಲೆ ‘ಐಎನ್’ ಎಂದು ಮುಗಿಯುವ 13 ಅಕ್ಷರ-ಅಂಕಿಯ ನಂಬರ್ ಇರುತ್ತದೆ. ಅದರ ಫೋಟೋ ಕಳಿಸಿ, ಆ ದೇಶದ ಅಂಚೆ ವೆಬ್‌ಸೈಟಿನಲ್ಲೂ ಅದೇ ನಂಬರ್ ಹಾಕಿ ನೋಡಬಹುದು. ಡಬ್ಬಿಯ ಒಳಗೊಂದು ಚೀಟಿ ಇಡಿ, ಕೈಬರಹದಲ್ಲೇ ಇರಲಿ: ಬೇಯಿಸಿದ ತಾರೀಖು, ಹಾಕಿದ ಸಾಮಾನಿನ ಪಟ್ಟಿ, ಗೋಡಂಬಿ ಇದೆ ಎಂಬ ಎಚ್ಚರಿಕೆ. ಬಿಚ್ಚಿದ ಮೇಲೆ ಫ್ರಿಜ್ಜಿನಲ್ಲಿಟ್ಟು ಹತ್ತು ದಿನದೊಳಗೆ ಮುಗಿಸಬೇಕು, ತೆಳ್ಳಗೆ ಕೊಯ್ದು ಮೈಕ್ರೋವೇವ್‌ನಲ್ಲಿ ಹತ್ತು ಸೆಕೆಂಡ್ ಬೆಚ್ಚಗೆ ಮಾಡಿದರೆ ಅಂಜೂರ ಮತ್ತೆ ಮೆತ್ತಗಾಗುತ್ತದೆ. ಎಲ್ಲಾದರೂ ಬೂಷ್ಟಿನ ಚುಕ್ಕೆ ಕಂಡರೆ ಅಷ್ಟು ಕೆರೆದು ತಿನ್ನಬಾರದು, ಆ ತುಂಡನ್ನೇ ಎಸೆಯಬೇಕು. ಮನೆಯದೆಂಬ ಮಮತೆಗೆ ತಿಂದುಬಿಡುವ ಮಕ್ಕಳಿರುತ್ತಾರೆ, ಅದಕ್ಕೇ ಈ ಮಾತನ್ನು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆಯಿರಿ.