ಅಮೆರಿಕದ ಮಹಿಳಾ ಮತಾಧಿಕಾರದ ಚರಿತ್ರೆಯನ್ನು ಮೂಲ ದಾಖಲೆಗಳಿಂದ ಓದುವುದು ಹೇಗೆ?

ಅಮೆರಿಕದ ಮಹಿಳೆಯರಿಗೆ 1920ರಲ್ಲಿ ಮತದಾನದ ಹಕ್ಕು ದೊರೆಯಿತು ಎಂಬ ಒಂದು ಸಾಲಿನ ಉತ್ತರ ಪರೀಕ್ಷೆಯಲ್ಲಿ ಅಂಕ ತಂದುಕೊಡಬಹುದು. ಆದರೆ ಈ ವಿಷಯದ ಮೇಲೆ ಪ್ರಬಂಧವನ್ನೋ ಉಪನ್ಯಾಸವನ್ನೋ ಸಿದ್ಧಪಡಿಸುವವರು ಆ ಸಾಲನ್ನು ಬರೆಯುವ ಮೊದಲು ಯಾವ ಮಹಿಳೆಯರಿಗೆ, ಯಾವ ರಾಜ್ಯದಲ್ಲಿ, ಯಾವ ಕಾನೂನಿನಡಿ ಎಂದು ಕೇಳಿಕೊಳ್ಳಬೇಕು. ಇದಕ್ಕೆ ಬೇಕಾದ ದಾಖಲೆಗಳಲ್ಲಿ ಬಹುಪಾಲು ಅಲ್ಲಿನ ರಾಷ್ಟ್ರೀಯ ದಾಖಲೆಗಳ ಸಂಗ್ರಹಾಲಯ ಮತ್ತು ಲೈಬ್ರರಿ ಆಫ್ ಕಾಂಗ್ರೆಸ್‌ನ ಜಾಲತಾಣಗಳಲ್ಲಿ ಉಚಿತವಾಗಿ ಸಿಗುತ್ತವೆ.

ಓದನ್ನು ಸಂವಿಧಾನದ ಪಠ್ಯದಿಂದಲೇ ಆರಂಭಿಸುವುದು ಒಳ್ಳೆಯದು. 1920ರಲ್ಲಿ ಜಾರಿಗೆ ಬಂದ ಹತ್ತೊಂಬತ್ತನೆಯ ತಿದ್ದುಪಡಿಯಲ್ಲಿರುವುದು ಎರಡೇ ವಾಕ್ಯ. ಅದು ಯಾರಿಗೂ ನೇರವಾಗಿ ಮತದ ಹಕ್ಕನ್ನು ಕೊಡುವುದಿಲ್ಲ. ಲಿಂಗದ ಕಾರಣಕ್ಕೆ ಪೌರರ ಮತದಾನದ ಹಕ್ಕನ್ನು ನಿರಾಕರಿಸಬಾರದು ಎಂದಷ್ಟೇ ಹೇಳಿ, ಕಾಂಗ್ರೆಸ್ಸಿಗೆ, ಅಂದರೆ ಅಮೆರಿಕದ ಸಂಸತ್ತಿಗೆ, ಅದನ್ನು ಜಾರಿಗೊಳಿಸುವ ಅಧಿಕಾರ ನೀಡುತ್ತದೆ. ಮತದಾನ ತೆರಿಗೆ, ಸಾಕ್ಷರತಾ ಪರೀಕ್ಷೆ ಮುಂತಾದ ಅಡೆತಡೆಗಳ ಗೊಡವೆಗೆ ಅದು ಹೋಗಲೇ ಇಲ್ಲ. ಇದರ ಪಕ್ಕದಲ್ಲಿ 1868ರ ಹದಿನಾಲ್ಕನೆಯ ತಿದ್ದುಪಡಿಯನ್ನಿಟ್ಟು ಓದಿದರೆ, ಮತದಾರರ ಮಾತು ಬರುವಲ್ಲಿ ‘ಪುರುಷ’ ಎಂಬ ಪದ ಸಂವಿಧಾನದೊಳಕ್ಕೆ ಮೊದಲ ಬಾರಿಗೆ ಪ್ರವೇಶಿಸಿದ್ದು ಕಾಣುತ್ತದೆ. ಮತಾಧಿಕಾರ ಚಳವಳಿಯ ನಾಯಕಿಯರಾದ ಎಲಿಜಬೆತ್ ಕ್ಯಾಡಿ ಸ್ಟಾಂಟನ್ ಮತ್ತು ಸೂಸನ್ ಬಿ. ಆಂಥನಿ ಅಂದು ಏಕೆ ಅಷ್ಟು ಕೆರಳಿದರು ಎಂಬುದು ಆಗ ಬೇರೆಯವರ ವಿವರಣೆಯಿಲ್ಲದೆಯೇ ತಿಳಿಯುತ್ತದೆ.

ಮುಂದಿನ ಕೆಲಸ ರಾಜ್ಯವಾರು ಪಟ್ಟಿ. ನ್ಯೂಜೆರ್ಸಿಯ 1776ರ ಸಂವಿಧಾನ ಐವತ್ತು ಪೌಂಡ್ ಮೌಲ್ಯದ ಆಸ್ತಿಯುಳ್ಳ ಎಲ್ಲ ನಿವಾಸಿಗಳಿಗೂ ಮತದ ಅವಕಾಶ ಕೊಟ್ಟಿತ್ತು. ವಿವಾಹಿತೆಯ ಆಸ್ತಿ ಗಂಡನದೆಂದೇ ಎಣಿಕೆಯಾಗುತ್ತಿದ್ದುದರಿಂದ ಅಲ್ಲಿ ಮತ ಹಾಕಿದವರು ಮುಖ್ಯವಾಗಿ ವಿಧವೆಯರು ಮತ್ತು ಅವಿವಾಹಿತೆಯರು. 1807ರಲ್ಲಿ ಅದನ್ನೂ ಕಿತ್ತುಕೊಳ್ಳಲಾಯಿತು. ವಯೋಮಿಂಗ್ ಪ್ರಾಂತ್ಯ 1869ರಲ್ಲಿ, ಯೂಟಾ 1870ರಲ್ಲಿ ಮಹಿಳೆಯರಿಗೆ ಮತಾಧಿಕಾರ ನೀಡಿದವು. ಯೂಟಾದ ಹಕ್ಕನ್ನು ಕಾಂಗ್ರೆಸ್ 1887ರಲ್ಲಿ ರದ್ದುಪಡಿಸಿತು, 1896ರಲ್ಲಿ ರಾಜ್ಯದ ಸ್ಥಾನಮಾನದೊಂದಿಗೆ ಅದು ಮರಳಿತು. ನ್ಯೂಯಾರ್ಕ್‌ನ ಸರದಿ ಬಂದದ್ದು 1917ರಲ್ಲಿ. ಇಂಥ ಪಟ್ಟಿಯನ್ನು ಕೈಯಾರೆ ಬರೆದವರು ಈ ಚರಿತ್ರೆಯನ್ನು ಹಂತಹಂತವಾಗಿ ಮೇಲೇರಿದ ಮೆಟ್ಟಿಲಂತೆ ವರ್ಣಿಸಲಾರರು.

ಇನ್ನು ಮನವಿ ಪತ್ರಗಳು. ಮತವಿಲ್ಲದವರಿಗೆ ಸರ್ಕಾರದೊಡನೆ ಮಾತನಾಡಲು ಇದ್ದ ಅಧಿಕೃತ ದಾರಿ ಇದೊಂದೇ ಆಗಿದ್ದರಿಂದ, ನನ್ನ ಅಭಿಪ್ರಾಯದಲ್ಲಿ ನಾಯಕಿಯರ ಭಾಷಣಗಳಿಗಿಂತ ಇವಕ್ಕೆ ಹೆಚ್ಚು ಸಮಯ ಕೊಡಬೇಕು. 1878ರಲ್ಲಿ ವಾಷಿಂಗ್ಟನ್ ನಗರವಿರುವ ಕೊಲಂಬಿಯಾ ಜಿಲ್ಲೆಯ ನಿವಾಸಿಗಳು ಕಾಂಗ್ರೆಸ್ಸಿಗೆ ಸಲ್ಲಿಸಿದ ಮನವಿಯನ್ನೇ ತೆಗೆದುಕೊಳ್ಳಿ. ಅದು ಅಚ್ಚಾದ ನಮೂನೆ. ಪುರುಷರ ಸಹಿಗೊಂದು, ಮಹಿಳೆಯರ ಸಹಿಗೊಂದು ಅಂಕಣವಿದೆ. ಸಹಿ ಮಾಡಿದವರಲ್ಲಿ ಗುಲಾಮಗಿರಿಯ ವಿರುದ್ಧ ಹೋರಾಡಿದ ಕಪ್ಪು ನಾಯಕ ಫ್ರೆಡರಿಕ್ ಡಗ್ಲಸ್ ಅವರ ಅದೇ ಹೆಸರಿನ ಮಗನೂ, ಮಗಳು ರೊಸೆಟ್ಟಾ ಡಗ್ಲಸ್ ಸ್ಪ್ರೇಗ್ ಅವರೂ ಇದ್ದಾರೆ. ಇಂಥ ಹಾಳೆಯನ್ನು ಓದುವಾಗ ನಮೂನೆಯನ್ನು ಅಚ್ಚು ಹಾಕಿಸಿದವರು ಯಾರು, ಅದು ಯಾರಿಗೆ ಸಲ್ಲಿಕೆಯಾಯಿತು, ಒಂದೇ ಮನೆಯವರ ಸಹಿಗಳು ಅಕ್ಕಪಕ್ಕದಲ್ಲಿವೆಯೇ, ಹಲವು ಹೆಸರುಗಳು ಒಂದೇ ಕೈಬರಹದಲ್ಲಿವೆಯೇ ಎಂಬುದನ್ನು ಗಮನಿಸಿ ಟಿಪ್ಪಣಿ ಮಾಡಿಕೊಳ್ಳಬೇಕು.

ಹಳೆಯ ಪತ್ರಿಕೆಗಳನ್ನು ಹುಡುಕುವಾಗ ಎರಡು ತೊಡಕುಗಳು ಎದುರಾಗುತ್ತವೆ. ವಿವಾಹಿತೆಯರನ್ನು ಗಂಡನ ಹೆಸರಿನಿಂದಲೇ ಉಲ್ಲೇಖಿಸುವ ರೂಢಿಯಿದ್ದುದರಿಂದ ಸ್ಟಾಂಟನ್ ಅವರನ್ನು ‘ಮಿಸೆಸ್ ಹೆನ್ರಿ ಬಿ. ಸ್ಟಾಂಟನ್’ ಎಂದೂ ಹುಡುಕಬೇಕಾಗುತ್ತದೆ. ಅಲ್ಲದೆ 1870ರ ದಶಕದ ಬರಹಗಳಲ್ಲಿ ಮಹಿಳಾ ಮತಾಧಿಕಾರದ ಪ್ರಸ್ತಾವ ‘ಹದಿನಾರನೆಯ ತಿದ್ದುಪಡಿ’ ಎಂಬ ಹೆಸರಿನಲ್ಲಿ ಸಿಗುತ್ತದೆ, ಏಕೆಂದರೆ ಆಗ ಜಾರಿಯಲ್ಲಿದ್ದವು ಹದಿನೈದೇ. ಆ ಸಂಖ್ಯೆ ಕೊನೆಗೆ 1913ರಲ್ಲಿ ಆದಾಯ ತೆರಿಗೆಯ ಪಾಲಾಯಿತು.

ಸ್ಟಾಂಟನ್, ಆಂಥನಿ ಮತ್ತು ಅವರ ಸಂಗಡಿಗರು ಸಂಪಾದಿಸಲು ಆರಂಭಿಸಿ, 1881ರಿಂದ 1922ರವರೆಗೆ ಹೊರಬಂದ ‘ಹಿಸ್ಟರಿ ಆಫ್ ವುಮನ್ ಸಫ್ರೇಜ್’ ಎಂಬ ಆರು ಸಂಪುಟಗಳ ಚರಿತ್ರೆಯಿಲ್ಲದೆ ಈ ಅಧ್ಯಯನ ಮುಂದೆ ಸಾಗದು. ಆದರೆ 1869ರಲ್ಲಿ ಚಳವಳಿ ಎರಡಾಗಿ ಒಡೆದಾಗ ಒಂದು ಬಣವನ್ನು ಕಟ್ಟಿದವರೇ ಅದರ ಸಂಪಾದಕರೆಂಬುದು ನೆನಪಿನಲ್ಲಿರಬೇಕು. ಲೂಸಿ ಸ್ಟೋನ್ ಮುನ್ನಡೆಸಿದ ಇನ್ನೊಂದು ಬಣಕ್ಕೂ ಕಪ್ಪು ಮಹಿಳೆಯರಿಗೂ ಅಲ್ಲಿ ನ್ಯಾಯವಾದ ಜಾಗ ಸಿಕ್ಕಿಲ್ಲ. 68 ಮಹಿಳೆಯರೂ 32 ಪುರುಷರೂ ಸಹಿ ಮಾಡಿದ 1848ರ ಸೆನೆಕಾ ಫಾಲ್ಸ್ ಮಹಿಳಾ ಹಕ್ಕುಗಳ ಸಮಾವೇಶದ ಘೋಷಣೆಯಿಂದಲೇ ಎಲ್ಲವೂ ಶುರುವಾಯಿತೆಂಬ ನಂಬಿಕೆಗೂ ಈ ಸಂಪುಟಗಳ ಪಾಲು ದೊಡ್ಡದು. ಅದಕ್ಕೂ ಹಿಂದೆ, 1830ರ ದಶಕದಲ್ಲಿ, ಗುಲಾಮಗಿರಿಯ ವಿರುದ್ಧ ಸಾವಿರಾರು ಮಹಿಳೆಯರು ಮನವಿಗಳನ್ನು ಕಳುಹಿಸಿದ್ದರು; ಅಂಥ ಮನವಿಗಳನ್ನು ಚರ್ಚೆಯಿಲ್ಲದೆ ಬದಿಗಿರಿಸಲು ಕಾಂಗ್ರೆಸ್ಸಿನ ಕೆಳಮನೆಯಾದ ಪ್ರತಿನಿಧಿ ಸಭೆ 1836ರಲ್ಲಿ ಪ್ರತ್ಯೇಕ ನಿಯಮವನ್ನೇ ತಂದಿತ್ತು.

1920ರ ನಂತರದ ಭಾಗವನ್ನು ಅನುಬಂಧದಂತೆ ಮುಗಿಸಿಬಿಡುವ ಅಭ್ಯಾಸ ಸರಿಯಲ್ಲ. 1962ರ ಆಗಸ್ಟ್ 31ರಂದು ಫ್ಯಾನಿ ಲೂ ಹೇಮರ್ ಎಂಬ ಕಪ್ಪು ಮಹಿಳೆ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಮಿಸಿಸಿಪಿಯ ಇಂಡಿಯಾನೋಲಾ ಪಟ್ಟಣಕ್ಕೆ ಹೋದರು. ರಾಜ್ಯದ ಸಂವಿಧಾನದ ಒಂದು ವಿಧಿಯನ್ನು ನಕಲು ಮಾಡಿ ಅರ್ಥ ವಿವರಿಸುವಂತೆ ಅಲ್ಲಿ ಅವರಿಗೆ ಹೇಳಲಾಯಿತು. ಹತ್ತಿ ಬಿಡಿಸಿ ಜೀವನ ಸಾಗಿಸುತ್ತಿದ್ದ ಆಕೆ ಪರೀಕ್ಷೆಯಲ್ಲಿ ಉತ್ತೀರ್ಣರಾಗಲಿಲ್ಲ. ಆದರೂ ಅರ್ಜಿ ಹಾಕಿದ್ದೇ ತಪ್ಪಾಗಿ, ಹದಿನೆಂಟು ವರ್ಷ ದುಡಿದ ತೋಟವನ್ನು ಅಂದೇ ರಾತ್ರಿ ಬಿಡಬೇಕಾಯಿತು. 1964ರ ಆಗಸ್ಟ್‌ನಲ್ಲಿ ಅಟ್ಲಾಂಟಿಕ್ ಸಿಟಿಯ ಡೆಮಾಕ್ರಟಿಕ್ ಪಕ್ಷದ ಸಮಾವೇಶದಲ್ಲಿ ಇದನ್ನು ಅವರೇ ಹೇಳಿದ್ದಾರೆ. ಧ್ವನಿಮುದ್ರಣ ಲಭ್ಯವಿದೆ, ಓದುವ ಬದಲು ಕೇಳುವುದೇ ಮೇಲು. ಅದಾದ ಮೇಲೆ 1965ರ ಮತದಾನ ಹಕ್ಕು ಕಾಯ್ದೆಯನ್ನು ಓದಿದರೆ, ಸಾಕ್ಷರತಾ ಪರೀಕ್ಷೆಯನ್ನು ತಡೆದ ಅದರ ವಿಧಿಗಳ ತೂಕ ತಿಳಿಯುತ್ತದೆ.

ಪೌರತ್ವದ ಕಾನೂನುಗಳನ್ನೂ ಜೊತೆಗೇ ನೋಡಬೇಕು. ವಿದೇಶೀಯನನ್ನು ಮದುವೆಯಾದ ಅಮೆರಿಕನ್ ಮಹಿಳೆಯ ಪೌರತ್ವವನ್ನು 1907ರ ಕಾನೂನು ಕಸಿಯುತ್ತಿತ್ತು. 1922ರ ಕೇಬಲ್ ಕಾಯ್ದೆ ಇದನ್ನು ಸಡಿಲಿಸಿದರೂ, ಜನಾಂಗದ ಕಾರಣಕ್ಕೆ ಪೌರತ್ವ ಪಡೆಯಲು ಅನರ್ಹನೆನಿಸಿದವನನ್ನು ವರಿಸಿದವರಿಗೆ ವಿನಾಯಿತಿ ಕೊಡಲಿಲ್ಲ. ಭಾರತೀಯರು ಆ ಅನರ್ಹರ ಸಾಲಿಗೆ ಸೇರುತ್ತಾರೆಂದು 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತ ಮೇಲೆ, ಭಾರತೀಯನ ಕೈಹಿಡಿದ ಮಹಿಳೆ ಪೌರತ್ವದ ಜೊತೆಗೆ ಮತವನ್ನೂ ಕಳೆದುಕೊಳ್ಳುವಂತಾಯಿತು. ಈ ಅಂಶವನ್ನು ಕಾಂಗ್ರೆಸ್ ತೆಗೆದುಹಾಕಿದ್ದು 1931ರಲ್ಲಿ.

ಹಳೆಯ ಇಂಗ್ಲಿಷ್ ಕೈಬರಹ ಓದಲು ಕಷ್ಟವೆನಿಸಿದರೆ, ಲೈಬ್ರರಿ ಆಫ್ ಕಾಂಗ್ರೆಸ್ ನಡೆಸುವ ‘ಬೈ ದ ಪೀಪಲ್’ ಯೋಜನೆಯಲ್ಲಿ ಸ್ವಯಂಸೇವಕರಾಗಿ ಕೆಲವು ಪುಟಗಳನ್ನು ಲಿಪ್ಯಂತರಿಸಿ, ಅಂದರೆ ಕೈಬರಹವನ್ನು ಇದ್ದಂತೆಯೇ ಟೈಪ್ ಮಾಡಿ, ನೋಡಬಹುದು. ಒಬ್ಬರು ಲಿಪ್ಯಂತರಿಸಿದ್ದನ್ನು ಮತ್ತೊಬ್ಬರು ಪರಿಶೀಲಿಸುವ ವ್ಯವಸ್ಥೆ ಅಲ್ಲಿರುವುದರಿಂದ ಹೊಸಬರು ಹಿಂಜರಿಯಬೇಕಾಗಿಲ್ಲ. ಆಂಥನಿ ಮತ್ತು ಕಪ್ಪು ಮಹಿಳೆಯರ ನಾಯಕಿ ಮೇರಿ ಚರ್ಚ್ ಟೆರೆಲ್ ಅವರ ಕಾಗದಪತ್ರಗಳನ್ನು ಹೀಗೆಯೇ ಲಿಪ್ಯಂತರಿಸಲಾಗಿದ್ದು, ಮೂಲ ಪುಟದ ಚಿತ್ರವನ್ನೂ ಅದರ ಪಠ್ಯವನ್ನೂ ಅಕ್ಕಪಕ್ಕದಲ್ಲಿಟ್ಟುಕೊಂಡು ಕಣ್ಣನ್ನು ಪಳಗಿಸಿಕೊಳ್ಳಬಹುದು.