ನಾಯಿ ಹಲ್ಲು ಕೀಳಿಸೋ ಮೊದ್ಲು ಬಿಲ್ ಓದೋದು ಕಲೀರಿ

ನಮ್ಮನೆ ನಾಯಿ ಚಿನ್ನಿಗೆ ಕಣ್ಣಿನ ಕೆಳಗೆ ಊದ್ಕೊಂಡಾಗ ಏನೋ ಹುಳ ಕಚ್ಚಿರ್ಬೇಕು ಅಂತ ನಾಲ್ಕು ದಿನ ಸುಮ್ನಿದ್ವಿ, ಆಮೇಲೆ ತೋರಿಸಿದ್ರೆ ಮೇಲಿನ ದೊಡ್ಡ ದವಡೆ ಹಲ್ಲು ಸೀಳ್ಕೊಂಡು ಬೇರಲ್ಲಿ ಕೀವಾಗಿತ್ತು. ಖರ್ಚು ಕೇಳಿ ಒಂದು ಹಲ್ಲಿಗೆ ಇಷ್ಟಾ ಅಂದ್ಬಿಟ್ಟೆ. ಬಿಲ್ ಬಂದ್ಮೇಲೆ ಗೊತ್ತಾಯ್ತು, ಹಲ್ಲು ಕೀಳೋದು ಅದ್ರಲ್ಲಿ ಒಂದೇ ಒಂದು ಸಾಲು.

ಮೊದ್ಲು ಯಾವ ಹಲ್ಲು ಅಂತ ಕೇಳಿ. ನಾಯಿಗೆ 42 ಹಲ್ಲು, ಬೆಕ್ಕಿಗೆ 30, ಎಲ್ಲದಕ್ಕೂ ಒಂದೇ ರೇಟಲ್ಲ. ಮುಂದಿನ ಸಣ್ಣ ಹಲ್ಲಿಗೆ ಒಂದೇ ಬೇರು, ಬೇಗ ಬರುತ್ತೆ. ಕೋರೆಹಲ್ಲಿನ ಬೇರು ಹೊರಗೆ ಕಾಣೋದಕ್ಕಿಂತ ಉದ್ದ, ವಸಡು ಬಿಡಿಸಿ ಒಂಚೂರು ಮೂಳೆ ತೆಗ್ದು ಹೊಲಿಗೆ ಹಾಕ್ಬೇಕಾಗುತ್ತೆ. ಚಿನ್ನಿಗೆ ಹೋಗಿದ್ದು ಮೂರು ಬೇರಿನ ಹಲ್ಲು, ಅದನ್ನ ಮೂರು ತುಂಡು ಮಾಡಿ ಒಂದೊಂದಾಗಿ ತೆಗೀಬೇಕು, ಟೈಮ್ ಜಾಸ್ತಿ, ಅನಸ್ತೇಶಿಯಾನೂ ಜಾಸ್ತಿ.

ಆಮೇಲೆ ಎಸ್ಟಿಮೇಟ್ ಬರೆಸ್ಕೊಳ್ಳಿ, ರಕ್ತ ಪರೀಕ್ಷೆ, ಎಕ್ಸ್‌ರೇ, ಅನಸ್ತೇಶಿಯಾ, ಕ್ಲೀನಿಂಗ್, ಕೀಳೋದು, ಔಷಧಿ, ಮತ್ತೆ ತೋರ್ಸೋಕೆ ಹೋದಾಗಿನ ಫೀಸ್ ಎಲ್ಲಾ ಬೇರೆ ಬೇರೆಯಾಗಿ. ಎಕ್ಸ್‌ರೇಲಿ ಇನ್ನೊಂದು ಹಲ್ಲು ಕೆಟ್ಟಿರೋದು ಕಂಡ್ರೆ ಫೋನ್ ಮಾಡಿ ಕೇಳ್ತೀರಾ ಇಲ್ಲಾ ಅಲ್ಲೇ ತೆಗೀತೀರಾ ಅಂತಾನೂ ಮೊದ್ಲೇ ಮಾತಾಡ್ಕೊಳ್ಳಿ, ನಾನು ಕೇಳಿರ್ಲಿಲ್ಲ, ಹಾಗಾಗಿ ಬಿಲ್ ಏರಿತ್ತು.

ಅನಸ್ತೇಶಿಯಾ ಬೇಡ, ಹಿಡ್ಕೊಂಡ್ರೆ ಹಂಗೇ ಕಿತ್ತುಬಿಡ್ತೀವಿ ಅಂತ ಯಾರಾದ್ರೂ ಅಂದ್ರೆ ದಯವಿಟ್ಟು ಒಪ್ಪಬೇಡಿ. ಪಾಪ ಅದಕ್ಕೆ ನೋವು, ಬೇರು ಮುರಿದು ಒಳಗೇ ಉಳಿದ್ರೆ ಮತ್ತೆ ಕೀವು, ಮತ್ತೆ ಖರ್ಚು. ವಯಸ್ಸಾದ ನಾಯಿಗೆ ಕಿಡ್ನಿ, ಲಿವರ್ ನೋಡೋ ರಕ್ತ ಪರೀಕ್ಷೆನೂ ಬಿಡಬೇಡಿ.

ಉಳಿಸೋಕೆ ದಾರಿ ಇದೆ. ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ, ಗದಗದಲ್ಲಿ ವೆಟರ್ನರಿ ಕಾಲೇಜುಗಳಿವೆ, ಅಲ್ಲಿನ ಆಸ್ಪತ್ರೆಗೆ ಫೋನ್ ಮಾಡಿ ಹಲ್ಲಿನ ಕೆಲಸ ಮಾಡ್ತಾರಾ, ಯಾವ ದಿನ ಅಂತ ವಿಚಾರಿಸಿ. ಪಾಮೆರೇನಿಯನ್, ಶಿಹ್ ಟ್ಜು ಥರ ಸಣ್ಣ ಜಾತಿ ಮರಿಗಳಿಗೆ ಆರೇಳು ತಿಂಗಳಾದ್ರೂ ಹಾಲುಹಲ್ಲು ಬೀಳದೆ ಉಳ್ಕೊಳ್ಳೋದುಂಟು, ಸಂತಾನಹರಣ ಆಪರೇಷನ್ ಮಾಡಿಸೋದಿದ್ರೆ ಅದೇ ಅನಸ್ತೇಶಿಯಾದಲ್ಲಿ ತೆಗೆಸಿಬಿಡಿ, ಎರಡು ಸಲ ಕೊಡೋದು ತಪ್ಪುತ್ತೆ.

ಆಪರೇಷನ್ ಹಿಂದಿನ ರಾತ್ರಿ ಊಟ ಯಾವಾಗ ನಿಲ್ಲಿಸ್ಬೇಕು ಅಂತ ಡಾಕ್ಟ್ರೇ ಹೇಳ್ತಾರೆ. ಮನೆಗೆ ಬಂದ್ಮೇಲೆ ಹತ್ತು ಹದಿನೈದು ದಿನ ಮೆತ್ತಗಿನ ಊಟ, ಮೂಳೆ ಬೇಡ. ನೋವಿಗೆ ಮನುಷ್ಯರು ತಗೊಳ್ಳೋ ಮಾತ್ರೆ ಕೊಡ್ಲೇಬೇಡಿ, ಬೆಕ್ಕಿಗೆ ಒಂದು ಪ್ಯಾರಸಿಟಮಾಲ್ ಸಾಕು ಜೀವ ಹೋಗೋಕೆ, ಐಬುಪ್ರೊಫೇನ್ ನಾಯಿಗೂ ವಿಷ.

ಗಾಯ ಮಾಗಿದ್ಮೇಲೆ ಚಿನ್ನಿ ಎರಡೂ ಕಡೆಯಿಂದ ಜಗಿದು ತಿನ್ನೋದು ನೋಡಿದೆ. ಅಷ್ಟು ದಿನ ತಲೆ ವಾಲಿಸ್ಕೊಂಡು ಒಂದೇ ಕಡೆ ಜಗೀತಿದ್ಲು, ನಾವು ಅದನ್ನ ಅವಳ ಅಭ್ಯಾಸ ಅಂದ್ಕೊಂಡಿದ್ವಿ.