ಕೊನೆಯ ಬಸ್ಸಿನ ಕಂಡಕ್ಟರ್‌ಗೆ ಆಯ್ಕೆಗಳನ್ನು ಬರೆಯುವುದು

ಆಡುವವರೇ ಮುಂದಿನ ದಾರಿ ಆರಿಸಿಕೊಳ್ಳುವ ಕಥಾ ಆಟ ಬರೆಯಲು ಕೂತವರು ಮೂರನೆಯ ಪುಟಕ್ಕೇ ಹೆಣ ಬೀಳಿಸುತ್ತಾರೆ. ನನಗದು ಸೋಮಾರಿತನವೆನಿಸುತ್ತದೆ. ಮೊದಲು ನಾಯಕನ ಕೆಲಸದ ನಿಯಮಗಳನ್ನು ಬರೆದುಕೊಳ್ಳಿ. ನಾಟಕ ಅಲ್ಲೇ ಇರುತ್ತದೆ.

ನನ್ನ ಈಗಿನ ಆಟದ ನಾಯಕ ಹಾಸನದಿಂದ ಸಕಲೇಶಪುರಕ್ಕೆ ಹೊರಟ ರಾತ್ರಿಯ ಕೊನೆಯ ಸರ್ಕಾರಿ ಬಸ್ಸಿನ ಕಂಡಕ್ಟರ್. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಂತೆ ಮಹಿಳೆಯರಿಗೆ ಶೂನ್ಯ ಟಿಕೆಟ್ ಕೊಡಬೇಕಾದರೆ ರಾಜ್ಯದ ನಿವಾಸಿ ಎಂದು ತೋರಿಸುವ ಗುರುತಿನ ಚೀಟಿ ನೋಡಬೇಕು. ಟಿಕೆಟ್ ಇಲ್ಲದವರು ತನಿಖೆಯಲ್ಲಿ ಸಿಕ್ಕರೆ ಅವರಿಗೆ ದಂಡ, ಕಂಡಕ್ಟರ್‌ಗೆ ಮೆಮೊ. ಆಲೂರಿನಲ್ಲಿ ಅಜ್ಜಿಯೊಬ್ಬರು ಹತ್ತುತ್ತಾರೆ. ಆಧಾರ್ ಮನೆಯಲ್ಲಿದೆ, ಸೊಂಟದ ಚೀಲದಲ್ಲಿ ಕಾಸಿಲ್ಲ.

ಇಲ್ಲಿ ‘ಇಳಿಸು’, ‘ಕೂರಿಸಿಕೋ’ ಎಂದು ಎರಡೇ ಕೊಂಡಿ ಕೊಟ್ಟರೆ ಅದು ನೀತಿಪಾಠದ ಪರೀಕ್ಷೆ. ನಿಜವಾದ ಕಂಡಕ್ಟರ್ ಚೀಟಿ ನೋಡದೆಯೇ ಶೂನ್ಯ ಟಿಕೆಟ್ ಕೊಟ್ಟಾನು, ತನ್ನ ಜೇಬಿನಿಂದ ಹಣ ಹಾಕಿಯಾನು, ಬಸ್ಸಿನವರನ್ನೇ ಕೇಳಿಯಾನು. ಒಂದೊಂದಕ್ಕೂ ಬೇರೆ ಬೇರೆ ಬೆಲೆ ಇಡಿ. ಹಾಸನದಲ್ಲಿ ಚಿಲ್ಲರೆ ಇಲ್ಲವೆಂದು ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುವಾಗ ಒಬ್ಬ ಪ್ರಯಾಣಿಕನ ಮೇಲೆ ರೇಗಿದ್ದನೇ, ಸಮಾಧಾನದಿಂದ ಮಾತನಾಡಿದ್ದನೇ ಎಂಬುದನ್ನು ಇಂಥ ಕಥಾ ಆಟಗಳನ್ನು ಕಟ್ಟುವ ತಂತ್ರಾಂಶವಾದ ಟ್ವೈನ್‌ನಲ್ಲಿ ಒಂದು ಚರಾಂಶವಾಗಿ, ಅಂದರೆ ಆಟ ನೆನಪಿಟ್ಟುಕೊಳ್ಳುವ ಗುರುತಾಗಿ, ಉಳಿಸಿಡಿ. ಸಮಾಧಾನದಿಂದಿದ್ದರೆ ಮಾತ್ರ ಆಲೂರಿನಲ್ಲಿ ಆ ಪ್ರಯಾಣಿಕ ‘ನನ್ನ ಬಾಕಿಯಲ್ಲೇ ಅಜ್ಜಿಯ ಟಿಕೆಟ್ ಹಿಡಿದುಕೊಳ್ಳಿ’ ಎನ್ನುತ್ತಾನೆ.

ತನಿಖಾ ತಂಡ ಬಾಳ್ಳುಪೇಟೆಯಲ್ಲಿ ಹತ್ತುತ್ತದೆ, ಯಾವ ದಾರಿ ಹಿಡಿದರೂ. ಕರುಣೆ ತೋರಿದವನಿಗೆ ಮಾತ್ರ ತಂಡ ಎದುರಾದರೆ ಅದು ಲೇಖಕನ ಸೇಡು. ಕವಲುಗಳೆಲ್ಲ ಒಂದೆಡೆ ಸೇರುವುದರಿಂದ ಬರೆಯುವ ಹೊರೆಯೂ ತಗ್ಗುತ್ತದೆ. ಹಾಸನದ ನಿಲ್ದಾಣದಲ್ಲೇ ಇನ್ನೊಬ್ಬ ಕಂಡಕ್ಟರ್ ‘ಇವತ್ತು ಚೆಕಿಂಗ್ ಇದೆಯಂತೆ’ ಎಂದು ಹೇಳಿಹೋಗಲಿ. ತನಿಖಾಧಿಕಾರಿಗೆ ಭಾಷಣ ಬೇಡ. ತಲೆ ಎಣಿಸಿ, ಟಿಕೆಟ್ ಕೇಳಿದರೆ ಸಾಕು. ಅಜ್ಜಿಯನ್ನು ಇಳಿಸಿ ಬಂದವನ ಲೆಕ್ಕ ಸರಿಯಾಗಿಯೇ ಇರುತ್ತದೆ. ಬಸ್ಸಿನಲ್ಲಿ ಮಾತ್ರ ಸಕಲೇಶಪುರದವರೆಗೂ ಯಾರೂ ಅವನ ಮುಖ ನೋಡುವುದಿಲ್ಲ. ಎರಡನೆಯ ಸಲ ಆಡುವವರಿಗೆ ತಂಡ ಬರುವುದು ಗೊತ್ತಿರುತ್ತದೆ ನಿಜ. ಆದರೂ ಅಜ್ಜಿಯನ್ನು ಇಳಿಸಲು ಕೈ ಬರದಿದ್ದರೆ ದೃಶ್ಯ ಗೆದ್ದಿದೆ ಎಂದುಕೊಳ್ಳುತ್ತೇನೆ.

ನೈಜತೆಯ ಹೆಸರಿನಲ್ಲಿ ನಲವತ್ತು ಟಿಕೆಟ್ ಕೊಡಿಸಬೇಡಿ. 2013ರ ‘ಪೇಪರ್ಸ್, ಪ್ಲೀಸ್’ ಆಟದಲ್ಲಿ ಗಡಿಯ ಅಧಿಕಾರಿ ದಿನವಿಡೀ ಕಾಗದಪತ್ರ ನೋಡುವುದೇ ರೋಚಕವಾಗುವುದಕ್ಕೆ ಕಾರಣವಿದೆ: ತಲೆಗಿಷ್ಟು ಎಂದು ಸಂಬಳ, ಹೆಚ್ಚು ತಪ್ಪಿದರೆ ಕಡಿತ, ಮನೆಯಲ್ಲಿ ಊಟಕ್ಕೂ ಬೆಚ್ಚಗಿರುವುದಕ್ಕೂ ಅದೇ ಹಣ. ಅಂಥ ಒತ್ತಡವಿಲ್ಲದ ಬರಹದ ಆಟದಲ್ಲಿ ಒಂದು ಟಿಕೆಟ್ ತೋರಿಸಿ, ಉಳಿದದ್ದನ್ನು ಒಂದೇ ವಾಕ್ಯದಲ್ಲಿ ದಾಟಿಸಿ.

ಮುಗಿದ ಮೇಲೆ ನಿಜವಾದ ಕಂಡಕ್ಟರ್ ಒಬ್ಬರಿಂದ ಆಡಿಸಿ. ಟ್ವೈನ್ ಕಡತ ಮೊಬೈಲಿನ ಬ್ರೌಸರ್‌ನಲ್ಲೇ ತೆರೆದುಕೊಳ್ಳುತ್ತದೆ. ‘ಹೀಗೆ ಯಾರೂ ಮಾಡುವುದಿಲ್ಲ’ ಎಂದ ಕಡೆ ತಿದ್ದಿ. ಏನೂ ಹೇಳದೆ, ಯಾವುದನ್ನು ಒತ್ತುವುದೆಂದು ಬೆರಳು ಎತ್ತಿಕೊಂಡೇ ಕೂತ ಕಡೆ ಒಂದಕ್ಷರವನ್ನೂ ಮುಟ್ಟಬೇಡಿ.